ಉಜ್ಜಬಾರದ ಹಿತ್ತಾಳೆ

ಅಣ್ಣನ ಹನ್ನೊಂದನೆಯ ದಿನದ ಕಾರ್ಯದಲ್ಲಿ ಎಡೆ ಇಡುವಾಗ, ಅವನಿಗೆ ಇಷ್ಟವಾಗಿದ್ದದ್ದನ್ನೆಲ್ಲ ತಂದಿಡಿ ಎಂದು ಹಿರಿಯರೊಬ್ಬರು ಹೇಳಿದರು. ನನ್ನ ಹೆಂಡತಿ ಮುದ್ದೆ, ಅವರೆಕಾಳು ಸಾರು, ನಿಪ್ಪಟ್ಟು, ಒಂದು ಕಟ್ಟು ಬೀಡಿ ಇಟ್ಟಳು. ಆಮೇಲೆ ಅಟ್ಟದ ಕಡೆ ನೋಡಿ, "ಬಾವನ ಬಕಲ್‌ಗಳ್ನೂ ಇಡೋಣ್ವಾ?" ಎಂದು ನನ್ನನ್ನು ಕೇಳಿದಳು. ಬೇಡ ಎಂದೆ. ಯಾಕೆ ಎಂದು ಅವಳು ಮತ್ತೆ ಕೇಳಲಿಲ್ಲ. ಅಲ್ಲಿ ನೆರೆದಿದ್ದವರಲ್ಲಿ ಅವಳೊಬ್ಬಳಿಗೇ ಅದು ಗೊತ್ತಿತ್ತು. ಉಳಿದವರಿಗೆ ಈಗ ಹೇಳುತ್ತಿದ್ದೇನೆ. ನಾನು ಏಳನೇ ಕ್ಲಾಸಿಗೇ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲು ಹೋದರೆ ಪೂರ್ತಿ ಹೇಳುವುದಿಲ್ಲ ಎಂಬುದು ಈಗಾಗಲೇ ನನಗೆ ತಿಳಿದಿದೆ.

ಅಣ್ಣ ರಾಜಾಜಿನಗರದ ಒಂದು ಅಂಗಡಿ ಬೀದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಸಂದಿನಲ್ಲಿ ಬೆಲ್ಟು, ಬ್ಯಾಗು ರಿಪೇರಿ ಮಾಡುತ್ತಿದ್ದ. ಎದ್ದು ನಿಂತರೆ ಮೆಟ್ಟಿಲು ತಲೆಗೆ ತಾಗುವ ಜಾಗ. ಹರೆಯದಿಂದ ಅಲ್ಲೇ ಬಗ್ಗಿ ಬಗ್ಗಿ, ರಸ್ತೆಯಲ್ಲಿ ನಡೆಯುವಾಗಲೂ ಅವನು ತಲೆ ತಗ್ಗಿಸಿಯೇ ನಡೆಯುತ್ತಿದ್ದ. ಮದುವೆಯಾಗಲಿಲ್ಲ. ಸುಂಕದಕಟ್ಟೆಯಲ್ಲಿ ನಮ್ಮ ಮನೆಯ ಮೇಲಿನ ಶೀಟಿನ ರೂಮಿನಲ್ಲಿ ಇದ್ದ.

ಬೆಲ್ಟಿಗೆ ಇನ್ನೊಂದು ತೂತು ಹೊಡೆಸಲು ಜನ ಬಂದರೆ ಅವನು ಮೊದಲು ಕೇಳುತ್ತಿದ್ದದ್ದು, "ಒಳಕ್ಕೋ ಹೊರಕ್ಕೋ ಸಾರ್?" ಎಂದು. ಹೊರಕ್ಕೆ ಎಂದವರ ಹತ್ತಿರ ತಮಾಷೆ ಮಾಡುತ್ತಿದ್ದ: ತೂತು ನಾನು ಹೊಡೀತೀನಿ, ಹೋಳಿಗೆ ನೀವು ಬಿಡಿ. ಸೊಂಟ ಸಣ್ಣಗಾಗಿ ಒಳಕ್ಕೆ ಎಂದವರ ಮುಖವನ್ನು ಒಂದು ಸಲ ನೋಡುತ್ತಿದ್ದ. ಸಕ್ಕರೆ ಕಾಯಿಲೆಯೋ, ಮನೆಯಲ್ಲಿ ಸಾವೋ, ಕೆಲಸ ಹೋಗಿದೆಯೋ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮುಂದೆ ಬೇಕಾಗಬಹುದು ಎಂದು ಎರಡು ತೂತು ಹೊಡೆದುಕೊಡುತ್ತಿದ್ದ.

ನನ್ನದು ಬಫಿಂಗ್ ಕೆಲಸ. ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ಡು. ಹಿತ್ತಾಳೆ, ಸ್ಟೀಲು, ಏನೇ ಬರಲಿ, ಮೋಟರಿಗೆ ಹಾಕಿದ ಚಕ್ರಕ್ಕೆ ಒಡ್ಡಿ ಕನ್ನಡಿಯ ಹಾಗೆ ಮಾಡಿ ಕೊಡುವುದು. ಮೊದಲು ಉಪ್ಪುಕಾಗದದ ಹಾಗೆ ಒರಟಾದ ಎಮರಿ ಚಕ್ರದಲ್ಲಿ ಕೊಳೆ, ಗೀರು ತೆಗೆಯಬೇಕು, ಆಮೇಲೆ ಪಾಲಿಷ್ ಸೋಪು ಹಚ್ಚಿದ ಬಟ್ಟೆಯ ಚಕ್ರದಲ್ಲಿ ಹೊಳಪು. ಪಕ್ಕದಲ್ಲೇ ಒಂದು ಫೌಂಡ್ರಿ ಇದೆ. ಗುಜರಿ ಹಿತ್ತಾಳೆ ಮೂಟೆ ಮೂಟೆ ಬಂದು ಬೀಳುತ್ತದೆ. ಮುರಿದ ನಲ್ಲಿ, ತೂತಾದ ಹಂಡೆ, ದೇವರ ಮನೆಯ ಗಂಟೆ, ಎಲ್ಲ ಕರಗಿ ಮತ್ತೆ ನಲ್ಲಿಯಾಗಿ ಹೊರಡುತ್ತವೆ. ಆ ರಾಶಿಯಲ್ಲಿ ಒಂದು ದಿನ ಅಂಗೈಯ ಅರ್ಧದಷ್ಟಿದ್ದ ಒಂದು ಬಕಲು ಕಂಡಿತು. ಕಪ್ಪು ಹಿಡಿದಿತ್ತು. ಒಂದು ಒಂಟೆ, ಒಂದು ಈಚಲ ಮರ, ಸುತ್ತ ಇಂಗ್ಲಿಷ್ ಅಕ್ಷರ. ಅಣ್ಣನ ಅಂಗಡಿಗಾಯಿತು ಎಂದು ಫೌಂಡ್ರಿಯವರನ್ನು ಕೇಳಿ ತಂದುಕೊಟ್ಟೆ. ಅವನು ಅದನ್ನು ಯಾವ ಬೆಲ್ಟಿಗೂ ಹಾಕಲಿಲ್ಲ. ಸಂಜೆಯೆಲ್ಲ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿಕೊಂಡು ಓದಿದ. ಯಾರೋ ಒಬ್ಬ ಸಿಪಾಯಿಯ ಹೆಸರು, ಅವನ ನಂಬರು, ಕೈರೋ.

ಅಲ್ಲಿಂದ ಶುರುವಾಯಿತು. ಹಳೇ ಯುದ್ಧದ ಕಾಲದಲ್ಲಿ ಊರು ಬಿಟ್ಟು ದೂರ ಹೋದ ಸಿಪಾಯಿಗಳು ಆ ಊರಿನ ಸಂತೆಯಲ್ಲಿ ಹಿತ್ತಾಳೆಯ ಬಕಲಿಗೆ ತಮ್ಮ ಹೆಸರು ಕೊರೆಸಿಕೊಳ್ಳುತ್ತಿದ್ದರಂತೆ. ಸರ್ಕಾರ ಕೊಟ್ಟದ್ದಲ್ಲ, ಸ್ವಂತ ಆಸೆಗೆ ಮಾಡಿಸಿಕೊಂಡದ್ದು. ನಾವು ಪಾತ್ರೆಗೆ ಹೆಸರು ಹಾಕಿಸುವುದಿಲ್ಲವೇ, ಹಾಗೆ. ಅಣ್ಣ ಗುಜರಿ ಅಂಗಡಿಗಳಿಗೆ ಹೇಳಿಟ್ಟ. ಹಳೇ ಬೆಲ್ಟು ಹಿಡಿದು ಬಂದ ಗಿರಾಕಿ ಹೊಸ ಬಕಲು ಹಾಕು ಎಂದರೆ ಹಳೆಯದನ್ನು ಇಟ್ಟುಕೊಂಡ. ಕಂಟೋನ್ಮೆಂಟಿನಲ್ಲಿದ್ದ ಬಿಳಿಯ ಸೋಲ್ಜರುಗಳು ಇಲ್ಲಿನ ಬಜಾರಿನಲ್ಲೇ ಕೊರೆಸಿಕೊಂಡ ಒಂದೆರಡು ಸಿಕ್ಕವು. ಅವುಗಳ ಮೇಲೆ ಬೆಂಗಳೂರು ಎಂದು ಇಂಗ್ಲಿಷಿನಲ್ಲಿ ಇತ್ತು. ಅವನ್ನು ತೋರಿಸುವಾಗ ಅವನಿಗೆ ಏನೋ ಖುಷಿ. ನಮ್ಮೂರೂ ಯಾರಿಗೋ ಪರದೇಶ ಆಗಿತ್ತಲ್ಲೋ ಎನ್ನುತ್ತಿದ್ದ.

ಭಾನುವಾರ ಅಂಗಡಿ ರಜ. ಅವನು ಮಂಚದ ಮೇಲೆ ಟವೆಲು ಹಾಸಿ ಬಕಲುಗಳನ್ನು ಸಾಲಾಗಿ ಇಟ್ಟು ಹಾಜರಿ ಕರೆಯುತ್ತಿದ್ದ. ಒಂದೊಂದೇ ಹೆಸರು ಗಟ್ಟಿಯಾಗಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನದಕ್ಕೆ ಹೋಗುತ್ತಿದ್ದ. ಕೆಳಗಿನಿಂದ ನನ್ನ ಹೆಂಡತಿ ಕೂಗುತ್ತಿದ್ದಳು. "ಬಾವ, ನಿಮ್ ಮಿಲಿಟ್ರಿಗೆ ಎಷ್ಟು ಲೋಟ ಕಾಫಿ ಮಾಡ್ಲಿ?"

"ಅವರದ್ದೆಲ್ಲ ಆಯ್ತು ತಾಯಿ. ಕ್ಯಾಪ್ಟನ್‌ಗೊಂದು ಕೊಡು."

ಇವರೆಲ್ಲ ಯಾರು ನಿನಗೆ ಎಂದು ನಾನು ಕೇಳಿದ್ದೆ. ಅವನ ಉತ್ತರ ಇಷ್ಟೇ: ಇವರ ಹೆಸರನ್ನು ಈ ಭಾನುವಾರ ಇನ್ನೆಲ್ಲೂ ಯಾರೂ ಕರೆದಿರುವುದಿಲ್ಲ.

ಬಕಲುಗಳ ಕಪ್ಪನ್ನು ನನಗೆ ತಡೆಯಲಾಗುತ್ತಿರಲಿಲ್ಲ. ನನ್ನ ಕಣ್ಣು ಹಾಗೆಯೇ ಬೆಳೆದದ್ದು. ಕಪ್ಪು ಹಿಡಿದ ಹಿತ್ತಾಳೆ ಕಂಡರೆ, ತೊಳೆಯದ ಮಗುವಿನ ಮುಖ ಕಂಡ ಹಾಗೆ. ಅಣ್ಣ, ಒಂದು ಅರ್ಧ ಗಂಟೆ ಕೊಡು, ಚಿನ್ನ ಮಾಡಿ ಕೊಡ್ತೀನಿ ಎಂದು ಎಷ್ಟೋ ಸಲ ಕೇಳಿದ್ದೆ. ಅವನು ಒಪ್ಪಲಿಲ್ಲ.

"ನಿಂದು ಮುಖ ತೊಳೆಯೋ ಕೆಲಸ, ನಂದು ಮುಖ ನೋಡೋ ಕೆಲಸ. ಆ ಕಪ್ಪು ಇರೋದಕ್ಕೇ ಅಕ್ಷರ ಕಾಣೋದು ಕಣೋ. ಮುಟ್ಬೇಡ."

ಇದನ್ನು ಅವನು ಸ್ಪಷ್ಟವಾಗಿ ಹೇಳಿದ್ದ. ಗೊತ್ತಿರಲಿಲ್ಲ ಎಂದು ನಾನು ಹೇಳಿಕೊಳ್ಳುವ ಹಾಗಿಲ್ಲ.

ಇಷ್ಟರಲ್ಲಿ ಒಂದು ಕನ್ನಡದ ಬಕಲು ಅವನಿಗೆ ಸಿಕ್ಕಿತು. ಮಾಗಡಿ ಕಡೆಯ ಯಾವುದೋ ಹಳೇ ಮನೆ ಕೆಡವಿದಾಗ ಗುಜರಿಗೆ ಬಿದ್ದ ಒಂದು ಟ್ರಂಕಿನಲ್ಲಿ ಇತ್ತಂತೆ. ಮೇಲೆ ಮರಿಯಪ್ಪ, ಮಾಗಡಿ. ನಡುವೆ ಒಂದು ದೋಣಿ. ಕೆಳಗೆ ಕಡಲಾಚೆಯ ಬಸ್ರಾ ಊರಿನ ಹೆಸರು ಇಂಗ್ಲಿಷಿನಲ್ಲಿ. ದೋಣಿಗೂ ಬಸ್ರಾಕ್ಕೂ ನಡುವೆ ಸಣ್ಣದಾಗಿ ಇನ್ನೊಂದು ಹೆಸರು, ಗೌರಿ. ಸವೆದು ನೂಲಿನಷ್ಟು ತೆಳ್ಳಗಾಗಿದ್ದವು ಅಕ್ಷರಗಳು. ಅಣ್ಣ ಅದನ್ನು ಹಿಡಿದು ಮೆಟ್ಟಿಲಿಳಿದು ಬಂದ ರೀತಿ ನನಗೆ ನೆನಪಿದೆ. ಒಂದು ಕೈಯಲ್ಲಿ ಬಕಲು, ಇನ್ನೊಂದು ಕೈಯನ್ನು ಅದರ ಕೆಳಗೆ ಹಿಡಿದಿದ್ದ, ತೀರ್ಥ ಚೆಲ್ಲಬಾರದು ಎನ್ನುವ ಹಾಗೆ.

"ಕೊರೆದೋನಿಗೆ ಕನ್ನಡ ಬರ್ತಿರ್ಲಿಲ್ಲ ಕಣೋ. ಈ ಮರಿಯಪ್ಪ ಚೀಟೀಲಿ ಬರೆದುಕೊಟ್ಟಿದಾನೆ, ಅವನು ಬಳ್ಳಿ ಬಿಡಿಸೋ ಹಾಗೆ ಅದನ್ನೇ ಬಿಡಿಸಿದಾನೆ. ಮರಿಯಪ್ಪನ ಕೈ ನಡುಗಿದ ಕಡೆ ಇವನ ಉಳೀನೂ ನಡುಗಿದೆ. ಇದು ಬರೀ ಹೆಸರಲ್ಲ, ಆ ಮನುಷ್ಯನ ಕೈಬರಹ."

ಆಮೇಲೆ ಮಾಗಡಿ ಕಡೆಯವರು ಯಾರೇ ಅಂಗಡಿಗೆ ಬರಲಿ, ಅಣ್ಣ ಅದೇ ಪ್ರಶ್ನೆ ಕೇಳುತ್ತಿದ್ದ. ನಿಮ್ಮ ಕಡೆ ಯುದ್ಧಕ್ಕೆ ಹೋದ ಮರಿಯಪ್ಪ ಅಂತ ಯಾರಾದರೂ ಇದ್ದರಾ? ಬಹಳ ಜನ ನಕ್ಕು ಹೋದರು. ಕೊನೆಗೆ, ಕಳೆದ ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನವೋ ಏನೋ, ಬೆಲ್ಟು ತಂದ ವಯಸ್ಸಾದವರೊಬ್ಬರು, ಹೌದು, ಅಂಥವನೊಬ್ಬ ಇದ್ದ ಎಂದರು. ಎರಡನೇ ಮಹಾಯುದ್ಧದಲ್ಲಿ ಲಾರಿ ಓಡಿಸೋಕೆ ಅಂತ ಮಿಲಿಟರಿ ಸೇರಿ ಹಡಗು ಹತ್ತಿದವನು ಬಸ್ರಾದಲ್ಲೇ ಜ್ವರದಲ್ಲಿ ತೀರಿಕೊಂಡ. ಅವನು ಹೋಗುವಾಗ ಹೆಂಡತಿ ಬಸುರಿ. ಹುಟ್ಟಿದ ಮಗಳು ಗೌರಮ್ಮ ಈಗ ಕೆಂಗೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ.

ಅಣ್ಣ ಅಂಗಡಿ ಮುಚ್ಚಿ ಕೆಂಗೇರಿಗೆ ಹೋದ. ಬಸ್ಸಿನಲ್ಲಿ ಕಳೆದೀತು ಎಂಬ ಭಯಕ್ಕೆ ಬಕಲು ಒಯ್ಯಲಿಲ್ಲ. ಹಿಂದಿರುಗಿ ಬಂದವನು ಊಟಕ್ಕೂ ಕೂರದೆ ಹೇಳುತ್ತ ಹೋದ. ಗೌರಮ್ಮನವರ ಬಳಿ ಅಪ್ಪನ ಒಂದು ಫೋಟೊ ಇಲ್ಲ. ಅಪ್ಪ ಬರೆದ ಕಾಗದಗಳನ್ನು ಗೆದ್ದಲು ತಿಂದಿತ್ತು. ಮಿಲಿಟರಿಯವರು ಕಳಿಸಿದ ಅಪ್ಪನ ಟ್ರಂಕು ದಾಯಾದಿಗಳ ಮನೆಯಲ್ಲೇ ಉಳಿದುಹೋಗಿತ್ತಂತೆ. ಮಗಳು ಹುಟ್ಟಿದ ಸುದ್ದಿ ಅಪ್ಪನಿಗೆ ಮುಟ್ಟಿತ್ತೋ ಇಲ್ಲವೋ ಎಂಬುದೇ ಅವರಿಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ. ಬಕಲಿನ ಮೇಲೆ ನಿಮ್ಮ ಹೆಸರೂ ಇದೆಯಮ್ಮ, ಅವರೇ ಬರೆದದ್ದು ಎಂದು ಅಣ್ಣ ಹೇಳಿದಾಗ ಅವರು ಅವನ ಕೈ ಹಿಡಿದುಕೊಂಡರಂತೆ. ಕಳಿಸಿಕೊಡಬೇಡ, ದಸರಾ ಕಳೆದ ಮೇಲೆ ಒಳ್ಳೇ ದಿನ ನೋಡಿ ನಾನೇ ಬಂದು ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗ್ತೀನಿ ಎಂದರಂತೆ.

ಆ ದಸರಾದ ಮೊದಲ ದಿನಗಳಲ್ಲೇ ಅಣ್ಣನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಚರ್ಮದ ಧೂಳು, ಬೀಡಿ, ಎರಡೂ ಎದೆಯಲ್ಲಿ ಕೂತಿದ್ದವು. ರೂಮಿನ ಬೀಗದ ಕೈ ನನಗೆ ಕೊಟ್ಟು, ಬಕಲು ಜೋಪಾನ ಎಂದ.

ಆಯುಧಪೂಜೆ ನಮಗೆ ದೊಡ್ಡ ಹಬ್ಬ. ಮೋಟರು ತೊಳೆದು, ಚಕ್ರಗಳಿಗೆ ಕುಂಕುಮ ಹಚ್ಚಿ, ವರ್ಷದಲ್ಲಿ ಮಾಡಿದ ಒಳ್ಳೆಯ ಮಾಲನ್ನು ದೇವರ ಮುಂದೆ ಹೊಳೆಯುವ ಹಾಗೆ ಇಡುತ್ತೇವೆ. ಆ ದಿನ ಬಫಿಂಗ್ ಶೆಡ್ಡಿನಲ್ಲಿ ಒಂದು ಚೂರು ಕಪ್ಪು ಲೋಹ ಇದ್ದರೂ ಅವಮಾನ. ಹಿಂದಿನ ದಿನ ನಾನು ಅಣ್ಣನ ರೂಮಿಗೆ ಹೋಗಿ ಟವೆಲಿನ ಗಂಟನ್ನೇ ಎತ್ತಿಕೊಂಡು ಬಂದೆ. ಅಣ್ಣನ ವಸ್ತುವಿಗೂ ಪೂಜೆಯಾಗಲಿ, ಅವನು ಬೇಗ ಗುಣವಾಗಲಿ ಎಂದುಕೊಂಡೆ. ಗೌರಮ್ಮನವರಿಗೆ ಕೊಡುವುದು ಕೊಳಕಾಗಿರಬಾರದು ಎಂದೂ ಅಂದುಕೊಂಡೆ. ಎರಡೂ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಇಷ್ಟು ವರ್ಷ ಅವನು ಸತ್ತವರ ಹೆಸರು ನೋಡಿ ಬೆರಗಾದದ್ದನ್ನು ಕಂಡಿದ್ದೆ. ನನ್ನ ಕೆಲಸ ನೋಡಿ ಒಂದು ಸಲವೂ ಬೆರಗಾಗಿರಲಿಲ್ಲ. ಒಮ್ಮೆ ಕಣ್ಣು ಅರಳಿಸಿ ನೋಡಲಿ ಎಂಬ ಹಟ.

ಬಟ್ಟೆಯ ಚಕ್ರಕ್ಕೆ ಮಾತ್ರ ಹಾಕಿದ್ದರೆ ಏನಾದರೂ ಉಳಿಯುತ್ತಿತ್ತು. ಕಪ್ಪು ಹಟಮಾರಿಯಾಗಿತ್ತು. ಎಮರಿಗೆ ಒಡ್ಡಿದೆ. ಹಿತ್ತಾಳೆಯ ಮೇಲೆ ಗೆರೆ ಕಂಡರೆ ಅದು ಗೀರು, ಗೀರು ಕಂಡರೆ ತೆಗೆಯಬೇಕು, ನಮ್ಮ ಕೈಗೆ ಗೊತ್ತಿರುವುದು ಅಷ್ಟೇ. ಆಳವಾಗಿ ಕೊರೆದವು ಮಸುಕಾಗಿ ಉಳಿದವು. ಉಳಿದದ್ದೆಲ್ಲ ಹೋಯಿತು. ಪೂಜೆಯ ದಿನ ಅವುಗಳನ್ನು ಬಾಳೆಲೆಯ ಮೇಲೆ ಜೋಡಿಸಿ, ಸೇವಂತಿಗೆ ಇಟ್ಟು, ಮೊಬೈಲಿನಲ್ಲಿ ಫೋಟೊ ಹೊಡೆದೆ. ಅಣ್ಣನದು ಗುಂಡಿ ಒತ್ತುವ ಫೋನು, ಅವನು ಯಾವತ್ತೂ ಅವುಗಳ ಫೋಟೊ ತೆಗೆದವನಲ್ಲ. ಆ ಬಕಲುಗಳದ್ದು ಅಂತ ಇರುವುದು ನಾನು ತೆಗೆದ ಅದೊಂದೇ.

ವಿಜಯದಶಮಿಯ ದಿನ ಅಣ್ಣನನ್ನು ಮನೆಗೆ ಕರೆತಂದೆ. ಅವನು ಮಂಚದ ಮೇಲೆ ಕುಳಿತ ಕೂಡಲೆ ಗಂಟನ್ನು ತಂದು, ಮದುವೆಯಲ್ಲಿ ತಟ್ಟೆಯ ಬಟ್ಟೆ ತೆಗೆಯುವ ಹಾಗೆ ಟವೆಲು ತೆಗೆದೆ. ಅವನು ನೋಡಿದ. ಒಂದೊಂದನ್ನೇ ಎತ್ತಿ ಇಟ್ಟ. ಒಂದನ್ನು ತಿರುಗಿಸಿ ಹಿಂದಿನ ಕೊಂಡಿ ನೋಡಿದ. ಮುರಿದಿದ್ದ ಆ ಕೊಂಡಿಯನ್ನು ಅವನೇ ಬೆಸುಗೆ ಹಾಕಿದ್ದ. ಮತ್ತೆ ಮುಂದಕ್ಕೆ ತಿರುಗಿಸಿದ.

"ಇದ್ಯಾರದು?"

"ಅದೇ ಅಣ್ಣ, ಮರಿಯಪ್ಪಂದು."

"ಮರಿಯಪ್ಪ ಎಲ್ಲಿ?"

ಆಗ ನಾನು ಬಗ್ಗಿ ನೋಡಿದೆ. ದೋಣಿಯ ತಳದ ಒಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಬಾಯಿಗೆ ಬಂದದ್ದು ಇದು: ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವವನು ನನಗೆ ಪರಿಚಯ, ಸಂಜೆಯೊಳಗೆ ಮತ್ತೆ ಬರೆಸಿಕೊಂಡು ಬರುತ್ತೇನೆ. ಅಣ್ಣ ಕೋಪ ಮಾಡಿಕೊಂಡು ಮಾತಾಡಿದ್ದು ಅದೊಂದೇ ಸಲ.

"ಪಾತ್ರೆ ಅಂಗ್ಡಿಯೋನ ಕೈಬರಹ ಆ ತಾಯಿಗ್ಯಾಕೋ?"

ಮುಂದಿನ ಭಾನುವಾರ ಗೌರಮ್ಮನವರು ಮಗನ ಜೊತೆ ಆಟೋದಲ್ಲಿ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು. ಎಲೆಯಡಿಕೆ, ಹೂವು, ತೆಂಗಿನಕಾಯಿ ತಂದಿದ್ದರು. ಅವರು ಮೆಟ್ಟಿಲು ಹತ್ತಲಾರರು ಎಂದು ಅಣ್ಣನೇ ಕೆಳಗಿಳಿದು ಬಂದಿದ್ದ. ಹೇಳಬೇಕಾದವನು ನಾನು. ಹೇಳಬೇಕೆಂದೇ ಬಾಗಿಲ ಪಕ್ಕ ನಿಂತಿದ್ದೆ. ಅಣ್ಣ ಬಕಲನ್ನು ಅವರ ಅಂಗೈಯಲ್ಲಿಟ್ಟು, ಕುಳಿತಲ್ಲೇ ಕೈ ಮುಗಿದ.

"ತಪ್ಪಾಗೋಯ್ತಮ್ಮ. ಹಬ್ಬ ಅಂತ ನಾನೇ ಉಜ್ಜಿಬಿಟ್ಟೆ. ಅಕ್ಷರ ಹೋಗುತ್ತೆ ಅಂತ ತಿಳೀಲಿಲ್ಲ."

ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಗೌರಮ್ಮನವರು ಮೊದಲು ಬೆರಳಿನಿಂದ ಸವರಿದರು. ಆಮೇಲೆ ಉಗುರಿನಿಂದ, ಎಲ್ಲಾದರೂ ಸಿಕ್ಕೀತೇನೋ ಎಂದು ಮೆಲ್ಲಗೆ ಎಳೆದು ನೋಡಿದರು. ಅವರ ಮಗ ಅಣ್ಣನಿಗೆ ಹೇಳಬಾರದ್ದನ್ನೆಲ್ಲ ಹೇಳಿದ. ಜೋಪಾನ ಅಂದ್ರೆ ಇದೇನಾ, ಊರವರ ಸಾಮಾನು ಕೂಡಿಹಾಕಿ ಹಾಳು ಮಾಡೋಕಾ, ಮುದುಕೀಗೆ ಆಸೆ ಹುಟ್ಟಿಸಿದ್ದು ಯಾಕೆ ಎಂದ. ಅಣ್ಣ ತಲೆ ತಗ್ಗಿಸಿ ಕೇಳಿದ. ಗೌರಮ್ಮನವರು ಬೈಯಲಿಲ್ಲ. ಬಕಲನ್ನು ಹಿಂದಕ್ಕೆ ಕೊಟ್ಟರು.

"ನನ್ ಮುಖ ಕಾಣ್ತದೆ ಇದ್ರಲ್ಲಿ. ನಂಗ್ಯಾಕೆ ನನ್ ಮುಖ? ಇಟ್ಕೊಳಪ್ಪ."

ಅವರು ಹೋದ ಮೇಲೆ, ಯಾಕಣ್ಣ ಹಾಗೆ ಹೇಳಿದೆ ಎಂದು ಕೇಳಿದೆ. ಅವನಿಗೆ ಉಸಿರು ಸಾಲುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೇಳಿದ.

"ನೀನು ಕೈಲಿ ದುಡಿದು ತಿನ್ನೋನು. ಆ ವಯಸ್ಸಿನೋರ ಹೊಟ್ಟೆ ಉರಿ ನಿನ್ ಕೈಗೆ ತಟ್ಬಾರದು. ನಂದೇನು, ಮುಗೀತಾ ಬಂತು."

ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು ಅವನ ಮುಂದೆ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಸ್ವಲ್ಪ ಹಗುರವಾಗಿತ್ತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಅವನು ಮತ್ತೆ ಹಾಜರಿ ಕರೆಯಲಿಲ್ಲ. ಗಂಟನ್ನು ಅಟ್ಟಕ್ಕೆ ಹಾಕಿಸಿದ. ಅಂಗಡಿಗೆ ಹೋಗುತ್ತಿದ್ದ, ಬರುತ್ತಿದ್ದ. ಒಂದು ಸಂಜೆ ಮಂಚದ ಮೇಲೆ ಕುಳಿತು ತನ್ನದೇ ಬೆಲ್ಟಿಗೆ ತೂತು ಹೊಡೆದುಕೊಳ್ಳುತ್ತಿದ್ದ. ಒಳಕ್ಕೆ. ಎರಡು ಹೊಡೆಯಲಿಲ್ಲ, ಒಂದೇ ಹೊಡೆದು ಉಳಿಯನ್ನು ಕೆಳಗಿಟ್ಟ. ನಾನು ನೋಡಿದ್ದನ್ನು ಅವನು ನೋಡಿದ. ಶಿವರಾತ್ರಿಗೆ ಮುಂಚೆ ಅವನು ತೀರಿಕೊಂಡ.

ಕಾರ್ಯ ಮುಗಿದ ವಾರದಲ್ಲಿ ನಾನು ಕೆಂಗೇರಿಗೆ ಹೋದೆ. ಮಗ ಕೆಲಸಕ್ಕೆ ಹೋಗಿದ್ದ. ಗೌರಮ್ಮನವರು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಪಕ್ಕದ ಜಗುಲಿಯಲ್ಲಿ ಕೂತು, ಅಣ್ಣ ಹೋದ ಎಂದೆ. ಆಮೇಲೆ ಉಜ್ಜಿದವನು ಅವನಲ್ಲ, ನಾನು ಎಂದೆ. ಬೇಡ ಎಂದು ಅವನು ಹೇಳಿದ್ದರೂ ಉಜ್ಜಿದೆ, ನಿಮ್ಮ ಮಗ ಅವನನ್ನು ಬೈಯುವಾಗ ಬಾಗಿಲಲ್ಲೇ ನಿಂತಿದ್ದೆ ಎಂದೆ. ಬೈಯಲಿ, ಶಾಪ ಹಾಕಲಿ, ಅಣ್ಣನ ತಲೆಯ ಮೇಲಿನದು ನನ್ನ ತಲೆಗೆ ಬರಲಿ ಎಂದೇ ಹೋಗಿದ್ದೆ.

ಅವರು ಅಣ್ಣನ ವಿಷಯ ಹೇಳಿದರು. ಆ ಭಾನುವಾರದ ಮೇಲೂ ಅವನು ಅಲ್ಲಿಗೆ ಹೋಗುತ್ತಿದ್ದನಂತೆ. ಮಗ ಇಲ್ಲದ ಹೊತ್ತು ನೋಡಿಕೊಂಡು. ಎಲ್ಲಿಂದಲೋ ಒಂದು ಸ್ಲೇಟು ತಂದಿದ್ದನಂತೆ. ಅದರ ಮೇಲೆ ಮರಿಯಪ್ಪ ಎಂದು, ಗೌರಿ ಎಂದು, ತಾನು ನೋಡಿದ್ದ ಹಾಗೆಯೇ ಬರೆಯಲು ಕೂರುತ್ತಿದ್ದನಂತೆ.

"ಬರೀತಿದ್ದ, ಇಂಗಲ್ಲಮ್ಮ ಅಂತ ಅಳಿಸ್ತಿದ್ದ. ಇನ್ನೊಂದ್ಕಿತ ಬರೀತಿದ್ದ, ಅದ್ನೂ ಅಳಿಸ್ತಿದ್ದ. ಎಷ್ಟು ಬರುದ್ರೂ ನನ್ ಅಕ್ಷರನೇ ಬತ್ತದೆ ಅಂತ ಅಳ್ತಿದ್ದ. ಕೆಮ್ಮು ಬ್ಯಾರೆ. ಕಡೇ ಕಿತ ಬಂದಾಗ ಸ್ಲೇಟು ಇಲ್ಲೇ ಬಿಟ್ಟು ಹೋದ."

ನನಗೆ ಅವನು ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ ಹೊರಡುತ್ತಿದ್ದ ಬೆಳಗ್ಗೆಗಳು ನೆನಪಾದವು. ಆ ಎದೆ ಇಟ್ಟುಕೊಂಡು ಅವನು ಇಷ್ಟು ದೂರ ಬಸ್ಸು ಬದಲಿಸಿ ಬಂದಿದ್ದ.

ಗೌರಮ್ಮನವರು ಕುರ್ಚಿಯ ಹಿಡಿ ಹಿಡಿದು ಎದ್ದು ಒಳಗೆ ಹೋದರು. ಹಿಂದಿರುಗಿ ಬಂದಾಗ ಅವರ ಕೈಯಲ್ಲಿ ಆ ಸ್ಲೇಟು, ಒಂದು ಬಳಪದ ಚೂರು ಇದ್ದವು. ಸೆರಗಿನಿಂದ ಸ್ಲೇಟನ್ನು ಒರೆಸಿ ನನ್ನ ತೊಡೆಯ ಮೇಲೆ ಇಟ್ಟರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಅವನು ನೋಡಿ ಬಾಳ ದಿನ ಆಗಿತ್ತು, ಮರ್ತಿದ್ದ. ಕಡೇಲಿ ನೋಡಿದ್ದು ನೀನಲ್ವಾ, ಕೈಯಾಗೇ ಹಿಡ್ಕಂಡು? ನಮ್ಮಪ್ಪ ನನ್ ಹೆಸ್ರು ಎಂಗ್ ಬರ್ದಿದ್ದ, ನೀನ್ ಬರಿ."

ನಾನು ಬಳಪ ಹಿಡಿದೆ. ಚಕ್ರದ ಮುಂದೆ ಆ ಬಕಲು ನನ್ನ ಕಣ್ಣಿಗೆ ಒಂದು ಗೇಣು ದೂರದಲ್ಲಿತ್ತು. ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಆದರೆ ನಾನು ನೋಡಿದ್ದು ಗೀರುಗಳನ್ನು. ಇನ್ನೆಷ್ಟು ಗೀರು ಉಳಿದಿವೆ ಎಂದು ನೋಡಿದ್ದೆ, ಅಷ್ಟೇ.

ಗೌರಮ್ಮನವರು ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಸ್ಲೇಟನ್ನೇ ನೋಡುತ್ತ ಕುಳಿತರು.